ಪುಟ್ಟ ಮಗುವಿನೊಂದಿಗೆ ಹಾಫ್ ಮೂನ್ ಬೇ ಕುಂಬಳಕಾಯಿ ತೋಟಕ್ಕೆ ಹೋಗುವವರಿಗೆ

ಅಕ್ಟೋಬರ್ ತಿಂಗಳಲ್ಲಿ ಎರಡು ವರ್ಷದ ಆಸುಪಾಸಿನ ಮಗುವನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ಕಡೆಯ ಕುಂಬಳಕಾಯಿ ತೋಟಕ್ಕೆ ಹೊರಡುವ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಕನ್ನಡ ಕುಟುಂಬಗಳು ಸಾಧ್ಯವಾದರೆ ವಾರದ ನಡುವಿನ ದಿನ, ಬೆಳಿಗ್ಗೆಯೇ ಹೋಗುವುದು ಒಳ್ಳೆಯದು. ಶನಿವಾರ, ಭಾನುವಾರಗಳಲ್ಲಿ, ಅದರಲ್ಲೂ ತಿಂಗಳ ಮಧ್ಯದ ಕುಂಬಳಕಾಯಿ ಉತ್ಸವದ ಸಮಯದಲ್ಲಿ, 92ನೇ ಹೆದ್ದಾರಿಯಲ್ಲಿ ವಾಹನಗಳು ತೆವಳುತ್ತ ಸಾಗುತ್ತವೆ. ಸೀಟಿನಲ್ಲಿ ಕಟ್ಟಿ ಕೂರಿಸಿದ ಮಗು ತೋಟ ತಲುಪುವ ಮೊದಲೇ ದಣಿದು ಅಳತೊಡಗುತ್ತದೆ.

ಒಳನಾಡಿನಲ್ಲಿ ಬಿಸಿಲಿದ್ದರೂ ಕಡಲ ಬದಿಯಲ್ಲಿ ಮಂಜು ಮುಸುಕಿರಬಹುದಾದ್ದರಿಂದ ಸ್ವೆಟರ್, ಟೋಪಿ ಜೊತೆಗಿರಲಿ. ಸ್ಟ್ರಾಲರಿನ ಸಣ್ಣ ಚಕ್ರಗಳು ಸಡಿಲ ಮಣ್ಣಿನಲ್ಲಿ ಹೂತುಹೋಗುತ್ತವೆ. ಬೇಬಿ ಕ್ಯಾರಿಯರ್ ಎಷ್ಟೋ ವಾಸಿ. ಬಳ್ಳಿಗಳ ಒರಟು ರೋಮ ಎಳೆಯ ಕಾಲಿಗೆ ಚುಚ್ಚುತ್ತದೆ, ಆದ್ದರಿಂದ ಕಾಲು ಪೂರ್ತಿ ಮುಚ್ಚುವ ಪ್ಯಾಂಟು ಹಾಕಿ.

ಮಗು ತಾನೇ ಎತ್ತಬಲ್ಲಷ್ಟು ಪುಟ್ಟ ಕಾಯಿಯನ್ನು ಆರಿಸಿಕೊಳ್ಳಲು ಬಿಡಿ. ನಮ್ಮ ಮಗಳು ಅಂಗೈಯಗಲದ ಕಾಯಿಯೊಂದನ್ನು, ಅದರ ಒದ್ದೆ ಮಣ್ಣು ಅಂಗಿಗೆಲ್ಲ ಮೆತ್ತಿಕೊಂಡರೂ, ಎದೆಗವಚಿಕೊಂಡು ಕಾರಿನವರೆಗೂ ಯಾರ ಕೈಗೂ ಕೊಡದೆ ಹೊತ್ತು ತಂದಳು. ತೊಟ್ಟು ಹಿಡಿದು ಎತ್ತಬೇಡಿ. ತೊಟ್ಟು ಮುರಿದ ಕಾಯಿ ಬೇಗ ಕೊಳೆಯುತ್ತದೆ. ಹ್ಯಾಲೋವೀನ್ ಹಬ್ಬದ ಕೆತ್ತನೆಗೆಂದು ಮಾರುವ ದೊಡ್ಡ ಕಾಯಿಗಳ ತಿರುಳು ನಾರುನಾರಾಗಿ ಸಪ್ಪೆಯಾಗಿರುವುದರಿಂದ, ಹುಳಿಗೋ ಪಲ್ಯಕ್ಕೋ ಬೇಕಿದ್ದರೆ ಶುಗರ್ ಪಂಪ್ಕಿನ್ ಎಂಬ ಚಿಕ್ಕ ಕಾಯಿಯನ್ನು ಕೇಳಿ ಪಡೆಯಿರಿ.

ತೋಟದ ಆಡು, ಕುರಿಗಳನ್ನು ಮುಟ್ಟಿದ ಮೇಲೆ, ತಿಂಡಿಯ ಡಬ್ಬಿ ತೆರೆಯುವ ಮೊದಲು, ಮಗುವಿನ ಕೈಗಳನ್ನು ಸೋಪು ಹಚ್ಚಿ ನೀರಿನಲ್ಲಿ ತೊಳೆಯಲೇಬೇಕು. ಐದು ವರ್ಷದೊಳಗಿನ ಮಕ್ಕಳಲ್ಲಿ, ಇಂಥ ಪ್ರಾಣಿಗಳಿಂದ ಹರಡಬಲ್ಲ ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಸೋಂಕು ತೀವ್ರವಾಗುವ ಅಪಾಯ ಹೆಚ್ಚು, ಮತ್ತು ಮಣ್ಣು ಮೆತ್ತಿದ ಕೈಗೆ ಸ್ಯಾನಿಟೈಸರ್ ಸೋಪಿನಷ್ಟು ಕೆಲಸ ಮಾಡುವುದಿಲ್ಲ.