ಮಾಳಿಗೆ ಮನೆಗೆ ಎ.ಸಿ., ಕೂಲರ್, ಗೀಸರ್: ಮಿಸ್ತ್ರಿ ಹುಡುಕುವುದರಿಂದ ಶುರು

ಕಲಬುರಗಿಯ ಬ್ರಹ್ಮಪುರ, ಶಹಾಬಜಾರ್ ಕಡೆಯ ಹಳೆ ಮನೆಗಳ ಗೋಡೆ ಒಂದೂವರೆಯಿಂದ ಎರಡು ಅಡಿ ದಪ್ಪ. ಕಲ್ಲಿನ ನಡುವೆ ಸಿಮೆಂಟ್ ಇಲ್ಲ, ಮಣ್ಣು. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಇಲ್ಲವಾದರೆ ಕಬ್ಬಿಣದ ಗರ್ಡರ್ ಮೇಲೆ ಶಹಾಬಾದ್ ಫರ್ಸಿ (ಕಲ್ಲಿನ ಚಪ್ಪಡಿ). ಎ.ಸಿ. ಕಂಪನಿ ಕಳಿಸುವ ಹುಡುಗರ ಚೀಲದಲ್ಲಿ ಇರುವುದು ಮೂರು ಮೀಟರ್ ಪೈಪು, ನಾಲ್ಕು ಪ್ಲಾಸ್ಟಿಕ್ ಗಟ್ಟಾ (ಗೋಡೆಯಲ್ಲಿ ಸ್ಕ್ರೂ ಹಿಡಿಯುವ ಬೆಣೆ), ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗೆ ಸಾಕಾಗುವ ಡ್ರಿಲ್ ಬಿಟ್ಟು. ಆರ್‌ಸಿಸಿ ಮನೆಗೆ ಅದು ಸರಿ. ಮಾಳಿಗೆ ಮನೆಯಲ್ಲಿ ಅವರು ಅರ್ಧ ತೂತು ಕೊರೆದು, ಮಣ್ಣು ಉದುರಿಸಿ, "ಗೋಡೆ ಸರಿ ಇಲ್ರಿ" ಅಂತ ಬರೆದು ಹೋಗುತ್ತಾರೆ. ಆದ್ದರಿಂದ ಮಷೀನ್ ಆಮೇಲೆ, ಜನ ಮೊದಲು. ಜನರಲ್ಲೂ ಕ್ರಮ ಇದೆ: ಮೊದಲು ಗೌಂಡಿ (ಕಲ್ಲು, ಗಾರೆ ಕೆಲಸದವನು), ಆಮೇಲೆ ಎಲೆಕ್ಟ್ರಿಷಿಯನ್, ಕೊನೆಗೆ ಎ.ಸಿ. ಮಿಸ್ತ್ರಿ. ಈ ಕ್ರಮ ತಿರುಗಿದರೆ ಮೂವರನ್ನೂ ಎರಡೆರಡು ಸಲ ಕರೆಸಬೇಕಾಗುತ್ತದೆ.

ಮಿಸ್ತ್ರಿಯನ್ನು ಹುಡುಕಲು ನಾನು ನಂಬುವ ದಾರಿ ಒಂದೇ. ತಾಮ್ರದ ಪೈಪು, ಗ್ಯಾಸ್, ಕೆಪಾಸಿಟರ್ ಮಾರುವ ಅಂಗಡಿ ಊರಿಗೆ ಒಂದೆರಡು ಇದ್ದೇ ಇರುತ್ತವೆ. ಅಲ್ಲಿ "ಚಲೋ ಮಿಸ್ತ್ರಿ ಯಾರ್ರಿ?" ಅಂತ ಕೇಳಿದರೆ ಅವರ ಸೋದರಳಿಯನ ನಂಬರ್ ಸಿಗುತ್ತದೆ. "ಅಣ್ಣಾ, ನೈಟ್ರೋಜನ್ ಯಾರು ಒಯ್ತಾರ್ರಿ? ವ್ಯಾಕ್ಯೂಮ್ ಪಂಪಿನ ಆಯಿಲ್ ಯಾರು ತಗೊಂತಾರ?" ಅಂತ ಕೇಳಬೇಕು. ನೈಟ್ರೋಜನ್ ತುಂಬಿ ಲೀಕ್ ನೋಡುವವರು, ಪಂಪಿನ ಆಯಿಲ್ ಬದಲಿಸುವವರು ಕಡಿಮೆ. ಆ ಎರಡು ಮೂರು ಹೆಸರೇ ನಿಮಗೆ ಬೇಕಾದದ್ದು. ಐಟಿಐನಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಎಂಬ ಎರಡು ವರ್ಷದ ಟ್ರೇಡ್ ಇದೆ. ಅದು ಮುಗಿಸಿದವರಾದರೆ ಒಳ್ಳೆಯದು, ಆದರೆ ಸರ್ಟಿಫಿಕೇಟಿಗಿಂತ ಚೀಲದಲ್ಲಿ ಏನಿದೆ ಅನ್ನುವುದು ಮುಖ್ಯ. ವ್ಯಾಕ್ಯೂಮ್ ಪಂಪು (ಪೈಪಿನೊಳಗಿನ ಗಾಳಿ, ಪಸೆ ಎಳೆದು ತೆಗೆಯುವುದು), ಗ್ಯಾಸ್ ತೂಗುವ ತಕ್ಕಡಿ, ಈಗಿನ ಎ.ಸಿ.ಗಳ ಆರ್32 ಗ್ಯಾಸಿನ ಒತ್ತಡ ನೋಡುವ ಗೇಜ್, ಕ್ಲಾಂಪ್ ಮೀಟರ್. ಈ ನಾಲ್ಕರಲ್ಲಿ ಪಂಪು ಇಲ್ಲದವರನ್ನು ಬಾಗಿಲಲ್ಲೇ ನಮಸ್ಕಾರ ಹೇಳಿ ಕಳಿಸಿ. "ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಹೊರಗ ಹಾಕ್ತೀವ್ರಿ" ಅನ್ನುವ ಪದ್ಧತಿ ಹಳೆಯ ಆರ್22 ಗ್ಯಾಸಿನ ಕಾಲದ್ದು, ಆಗಲೂ ತಪ್ಪೇ. ಆರ್32ರ ಒತ್ತಡ ಅದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು, ಮೇಲಾಗಿ ಬೆಂಕಿ ಹಿಡಿಯುವ ಗುಣ ತುಸು ಇದೆ.

ಎಲೆಕ್ಟ್ರಿಷಿಯನ್ ಪರವಾನಗಿ ಇರುವವನೇ ಆಗಬೇಕು, ಯಾಕೆಂದರೆ ಸ್ಯಾಂಕ್ಷನ್ ಲೋಡ್ (ಮನೆಗೆ ಮಂಜೂರಾದ ಕರೆಂಟಿನ ಮಿತಿ) ಹೆಚ್ಚಿಸಲು ವಿದ್ಯುತ್ ಕಂಪನಿ ಜೆಸ್ಕಾಂಗೆ ಅರ್ಜಿ ಹಾಕುವಾಗ ಅವನ ಸಹಿ ಬೇಕಾಗುತ್ತದೆ. ಹಳೆ ಮೀಟರುಗಳಲ್ಲಿ ಲೋಡ್ ಒಂದೆರಡು ಕಿಲೋವ್ಯಾಟ್ ಮಾತ್ರ ಇರುತ್ತದೆ. ಒಂದೂವರೆ ಟನ್ ಎ.ಸಿ. ಒಂದೂವರೆ ಕಿಲೋವ್ಯಾಟ್, ಗೀಸರ್ ಎರಡು. ಲೆಕ್ಕ ಅಲ್ಲಿಗೇ ಮುಗಿಯಿತು.

ಗೌಂಡಿ ಬಂದಾಗ ಮೊದಲು ಛಾವಣಿ ನೋಡಿಸಿ. ಒಂದಡಿ ಮಣ್ಣಿನ ಮಾಳಿಗೆ ಬಿಸಿಲನ್ನು ಚೆನ್ನಾಗಿಯೇ ತಡೆಯುತ್ತದೆ, ಅದಕ್ಕೆ ಮಾಡಬೇಕಾದದ್ದು ಮಳೆನೀರು ನಿಲ್ಲದಂತೆ ಇಳಿಜಾರು ಸರಿಮಾಡುವುದಷ್ಟೇ. ತೊಂದರೆ ಕೊಡುವುದು ಗರ್ಡರ್ ಫರ್ಸಿ. ಎರಡು ಇಂಚಿನ ಕಲ್ಲು ಮಧ್ಯಾಹ್ನವೇ ಕಾದು ಒಳಗೆ ಬಿಸಿ ಸುರಿಸುತ್ತದೆ. ಅದರ ಮೇಲೆ ಸುಣ್ಣ ಬಳಿಸಿ. ಸುಣ್ಣದ ಕಲ್ಲನ್ನು ಹಿಂದಿನ ದಿನವೇ ಕಬ್ಬಿಣದ ಡ್ರಮ್ಮಿನಲ್ಲಿ ಅರಳಿಸಬೇಕು (ಪ್ಲಾಸ್ಟಿಕ್ ಬಕೆಟ್ ಕರಗುವಷ್ಟು ಕುದಿಯುತ್ತದೆ, ಮುಖ ದೂರವಿರಲಿ). ಬಟ್ಟೆಯಲ್ಲಿ ಸೋಸಿ, ಅಂಟು ಕಲಸಿ, ಫರ್ಸಿಗೆ ನೀರು ಚಿಮುಕಿಸಿ, ಸಂಜೆ ಹೊತ್ತು ಎರಡು ಕೈ. ಉರಿಬಿಸಿಲಲ್ಲಿ ಬಳಿದರೆ ಮರುದಿನ ಪುಡಿಯಾಗಿ ಏಳುತ್ತದೆ. ಸಂದುಗಳಲ್ಲಿ ಬಿರುಕಿದ್ದರೆ ಸುಣ್ಣಕ್ಕಿಂತ ಮೊದಲೇ ಗಾರೆ ತುಂಬಿಸಬೇಕು.

ಮಾಳಿಗೆಯಿಂದ ಮಣ್ಣು ಉದುರುತ್ತದೆಂದು ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿಸುವವರು ಬಹಳ. ಹಾಕಿಸಿ, ಹದಿಮೂರು ಅಡಿ ಎತ್ತರ ಹತ್ತಕ್ಕೆ ಇಳಿದರೆ ಎ.ಸಿ.ಗೂ ಅನುಕೂಲ. ಆದರೆ ಎರಡಡಿ ಚೌಕದ ಒಂದು ಬಾಗಿಲು ಬಿಡಿಸಿ. ಇಲ್ಲವಾದರೆ ತೊಲೆಗೆ ಗೆದ್ದಲು ಹತ್ತಿದ್ದು ತೊಲೆ ಬಗ್ಗಿದ ಮೇಲೆಯೇ ಗೊತ್ತಾಗುವುದು.

ಕೂಲರ್ ಬೇಕೋ ಎ.ಸಿ. ಬೇಕೋ ಎಂಬ ಪ್ರಶ್ನೆಗೆ ನಮ್ಮ ಕಡೆ ಉತ್ತರ ತಿಂಗಳ ಮೇಲಿದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ, ತೇವಾಂಶ ಶೇ. 20 ಇದ್ದರೆ ಒಳ್ಳೆ ಪ್ಯಾಡ್ ಇರುವ ಕೂಲರ್ 28ರ ಹತ್ತಿರದ ಗಾಳಿ ಕೊಡುತ್ತದೆ. ಷರತ್ತು ಎರಡು: ಕೂಲರ್ ಕಿಟಕಿಯ ಹೊರಗಿರಬೇಕು, ಎದುರುಗಡೆ ಬಾಗಿಲೋ ಗವಾಕ್ಷಿಯೋ ತೆರೆದಿರಬೇಕು. ಕೋಣೆ ಮುಚ್ಚಿ ಕೂಲರ್ ಹಾಕಿದರೆ ಅರ್ಧ ಗಂಟೆಯಲ್ಲಿ ಹಾಸಿಗೆಯೇ ಜಿಗುಟು. ಜೂನ್ ಮಳೆ ಬಿದ್ದ ಮೇಲೆ ಅದು ಬರೀ ಫ್ಯಾನು. ಹಗಲು ನಡುಮನೆಗೆ ಕೂಲರ್, ರಾತ್ರಿ ಮಲಗುವ ಒಂದು ಕೋಣೆಗೆ ಎ.ಸಿ. ಅನ್ನುವುದೇ ನಾನು ಎಲ್ಲರಿಗೂ ಹೇಳುವ ಲೆಕ್ಕ.

ಟನ್ ಲೆಕ್ಕ ಅಂಗಡಿಯವರು ಚದರ ಅಡಿಯಲ್ಲಿ ಹೇಳುತ್ತಾರೆ. ಅದು ಹತ್ತಡಿ ಎತ್ತರದ ಕೋಣೆಗೆ. 10x12 ಕೋಣೆ ಹತ್ತಡಿ ಎತ್ತರದಲ್ಲಿ 1,200 ಘನ ಅಡಿ, ಹದಿಮೂರು ಅಡಿ ಇದ್ದರೆ 1,560. ಮೇಲೆ ಮಣ್ಣಿದ್ದು ಗವಾಕ್ಷಿ ಮುಚ್ಚಿದ್ದರೆ ಒಂದು ಟನ್ ಸಾಕು, ಬರೀ ಫರ್ಸಿ ಇದ್ದರೆ ಒಂದೂವರೆ. ಬೆಳಕಿಂಡಿಯನ್ನು ಇಟ್ಟಿಗೆ ಇಟ್ಟು ಮುಚ್ಚಬೇಡಿ, ಗಾಜೋ ಪಾಲಿಕಾರ್ಬೊನೇಟ್ ಹಾಳೆಯೋ ಕೂರಿಸಿದರೆ ಬೇಕಾದಾಗ ತೆಗೆಯಬಹುದು.

ವೈರಿಂಗ್ ವಿಷಯದಲ್ಲಿ ಹಳೆ ಮನೆ ಒಂದು ಮೋಸ ಮಾಡುತ್ತದೆ. ಮರದ ಪಟ್ಟಿಯೊಳಗೆ ಅಲ್ಯೂಮಿನಿಯಂ ವೈರು ಹೋಗಿರುತ್ತದೆ, ಯಾರೋ ಅದರ ತುದಿಗೆ ತಾಮ್ರದ ವೈರು ಸುತ್ತಿ ಹೊಸ ಸ್ವಿಚ್ ಬೋರ್ಡ್ ಕೂರಿಸಿರುತ್ತಾರೆ. ಹೊರಗಿನಿಂದ ಎಲ್ಲಾ ಹೊಸದು. ಆ ಜೋಡಣೆಯಲ್ಲಿ ಅಲ್ಯೂಮಿನಿಯಂ ಕಿಲುಬು ಹಿಡಿದು ಲೋಡ್ ಬಿದ್ದಾಗ ಕಾಯುತ್ತದೆ. ಪರೀಕ್ಷೆ ಸುಲಭ: ಸಾಕೆಟ್ಟಿನಲ್ಲಿ ವೋಲ್ಟೇಜ್ ಓದಿ, 2,000 ವ್ಯಾಟ್ ಲೋಡ್ ಹಾಕಿ ಮತ್ತೆ ಓದಿ. 230 ಇದ್ದದ್ದು 210ಕ್ಕಿಂತ ಕೆಳಗೆ ಬಿದ್ದರೆ ಆ ಲೈನನ್ನು ಮರೆತುಬಿಡಿ. ಎ.ಸಿ.ಗೆ ಮೀಟರ್ ಬೋರ್ಡಿನಿಂದ ನೇರವಾಗಿ 4 ಸ್ಕ್ವೇರ್ ಎಂಎಂ ತಾಮ್ರದ ಬೇರೆ ಲೈನ್ (ಹಳಬರು 7/20 ಅನ್ನುವುದು ಇದನ್ನೇ), ಅದಕ್ಕೆ 20 ಆಂಪಿಯರ್ ಸಿ ಮಾದರಿ ಎಂಸಿಬಿ (ಲೋಡ್ ಮೀರಿದರೆ ತಾನೇ ಬೀಳುವ ಸ್ವಿಚ್). ಗೀಸರಿಗೆ ಇನ್ನೊಂದು ಲೈನ್. ಎರಡಕ್ಕೂ ಸೇರಿ, ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ.

ಇನ್ನು ಅರ್ಥಿಂಗ್. ಹಳೆ ಮನೆಗಳಲ್ಲಿ ಅರ್ಥ್ ವೈರನ್ನು ನಳದ ಜಿಐ ಪೈಪಿಗೆ ಸುತ್ತಿರುವುದು ಸಾಮಾನ್ಯ. ಮುಂದೆ ಯಾವತ್ತೋ ನಳದ ಪೈಪು ಪ್ಲಾಸ್ಟಿಕ್ ಆಯಿತು. ವೈರು ಅಲ್ಲೇ ಇದೆ, ಭೂಮಿಗೆ ಸಂಬಂಧ ಇಲ್ಲ. ಹೊಸ ಗುಂಡಿ ತೋಡಿಸಿ ಇದ್ದಿಲು, ಉಪ್ಪು ಹಾಕಿ ಪೈಪು ನಿಲ್ಲಿಸಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬಕೆಟ್ ನೀರು ಹೊಯ್ಯಿರಿ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ತೋರಿಸಬಾರದು, ತೋರಿಸಿದರೆ ಇನ್ವರ್ಟರ್ ಎ.ಸಿ.ಯ ಪಿಸಿಬಿಗೆ (ಎಲೆಕ್ಟ್ರಾನಿಕ್ ಬೋರ್ಡಿಗೆ) ಆಯಸ್ಸು ಕಡಿಮೆ.

ಈಗ ಮಿಸ್ತ್ರಿಯ ಕೆಲಸ. ಔಟ್‌ಡೋರ್ ಯೂನಿಟ್ ಮಾಳಿಗೆಯ ಮೇಲೆ ಬೇಡ. 30 ಕಿಲೋ ತೂಕವನ್ನು ಜಂತಿ ಹೊರಬಹುದು, ಅದರ ನಡುಕಕ್ಕೆ ಮಣ್ಣು ಉದುರುವುದನ್ನು ತಡೆಯಲಾಗದು. ಅಂಗಳದಲ್ಲಿ ಒಂದಡಿ ಎತ್ತರದ ಕಟ್ಟೆಯ ಮೇಲೆ ಇಡಿ. ಗೋಡೆಗೇ ಬೇಕೆಂದರೆ ಆ್ಯಂಕರ್ ಬೋಲ್ಟು ಕಲ್ಲಿನ ನಡುಮಧ್ಯಕ್ಕೆ ಹೋಗಬೇಕು, ಸಂದಿಗೆ ಹೋದರೆ ಎರಡು ತಿಂಗಳಲ್ಲಿ ಬೆರಳಲ್ಲೇ ಕಿತ್ತು ಬರುತ್ತದೆ. ಒಳಗಿನ ಯೂನಿಟ್ಟನ್ನು ನೇತುಹಾಕುವ ತಗಡಿಗೂ ಇದೇ ಮಾತು: 18 ಎಂಎಂ ಪ್ಲೈವುಡ್ ಹಲಗೆಯನ್ನು ಕಲ್ಲಿಗೆ ಹೊಡೆದು, ಹಲಗೆಗೆ ತಗಡು.

ಗೋಡೆ ಕೊರೆಯುವ ಬದಲು ಗವಾಕ್ಷಿಯಿಂದ ಪೈಪು ತರಲು ಸಾಧ್ಯವಾದರೆ ಅದೇ ಒಳ್ಳೆಯದು. ಕೊರೆಯಲೇಬೇಕಾದರೆ ಕೋರ್ ಕಟಿಂಗ್ ಮಷೀನಿನಿಂದ ಮೂರು ಇಂಚು, ಹೊರಕ್ಕೆ ಇಳಿಜಾರಾಗಿ, ಒಳಗೆ ಪಿವಿಸಿ ಪೈಪಿನ ತೋಳು. ತೋಳು ಬಿಟ್ಟರೆ ಆಗುವುದು ಇಷ್ಟು: ಡ್ರೈನ್ ಪೈಪು ಎಲ್ಲೋ ಬಿರುಕು ಬಿಡುತ್ತದೆ, ದಿನಕ್ಕೆ ಬಕೆಟ್ ನೀರು ಗೋಡೆಯೊಳಗಿನ ಮಣ್ಣಿಗೆ ಇಳಿಯುತ್ತದೆ, ಗೋಡೆಯ ಹೊಟ್ಟೆ ಉಬ್ಬುತ್ತದೆ. ಹೊರಗಿನ ಸಂದಿಯನ್ನು ಗಾರೆಯಿಂದ ಮುಚ್ಚಿಸಿ, ಹಲ್ಲಿ ಒಳಹೊಕ್ಕು ಪಿಸಿಬಿ ಮೇಲೆ ಸತ್ತು ಶಾರ್ಟ್ ಆದ ಯೂನಿಟ್ಟುಗಳು ಮಿಸ್ತ್ರಿಗಳಿಗೆ ಹೊಸದಲ್ಲ.

ತಾಮ್ರದ ಪೈಪನ್ನು ತೂತಿನಲ್ಲಿ ತೂರಿಸುವಾಗ ಎರಡೂ ತುದಿಗೆ ಟೇಪು ಸುತ್ತಿರಬೇಕು. ಮಣ್ಣಿನ ಗೋಡೆಯಲ್ಲಿ ಇದು ಬಿಟ್ಟರೆ ಒಂದು ಚಿಟಿಕೆ ಮಣ್ಣು ಪೈಪಿಗೆ ಹೋಗುತ್ತದೆ, ಅಲ್ಲಿಂದ ವಾಲ್ವಿಗೆ, ಕಂಪ್ರೆಸರಿಗೆ. ಒಂದೂವರೆ ಟನ್ನಿಗೆ ಸಾಮಾನ್ಯವಾಗಿ ಕಾಲಿಂಚು ಮತ್ತು ಅರ್ಧ ಇಂಚಿನ ಪೈಪು. ಅಂಗಳದವರೆಗೆ ಆರೇಳು ಮೀಟರ್ ಬೇಕಾದರೆ ಒಂದೇ ತುಂಡು ತನ್ನಿ. ನಡುವೆ ಜೋಡಿಸಲೇಬೇಕಾದರೆ ಬೆಸುಗೆ ಹೊರಗಡೆ ಆಗಲಿ, ಅರವತ್ತು ವರ್ಷ ಒಣಗಿದ ಜಂತಿಯ ಕೆಳಗೆ ಗ್ಯಾಸ್ ಜ್ವಾಲೆ ಹಚ್ಚಬಾರದು. ಕಂಪನಿ ಕಿಟ್ಟಿನ ಪೈಪಿಗಿಂತ ಉದ್ದ ಬೇಕಾದರೆ ಎಷ್ಟು ಮೀಟರಿನ ಮೇಲೆ ಎಷ್ಟು ಗ್ರಾಂ ಗ್ಯಾಸ್ ಸೇರಿಸಬೇಕು ಎಂದು ಕೈಪಿಡಿಯಲ್ಲಿ ಇದೆ, ಮೀಟರಿಗೆ 15–20 ಗ್ರಾಂ ಆಸುಪಾಸು. ಅದನ್ನು ತಕ್ಕಡಿಯ ಮೇಲೆ ತೂಗಿಯೇ ಹಾಕಬೇಕು.

ಪೈಪಿನ ತುದಿ ಅಗಲಿಸಿ (ಫ್ಲೇರ್ ಮಾಡಿ) ನಟ್ಟು ಬಿಗಿದ ಮೇಲೆ ನೈಟ್ರೋಜನ್ ತುಂಬಿ ಪ್ರತಿ ನಟ್ಟಿಗೂ ಸೋಪಿನ ನೊರೆ. ಗುಳ್ಳೆ ಬರದಿದ್ದರೆ ವ್ಯಾಕ್ಯೂಮ್. ಗೇಜಿನ ಮುಳ್ಳು ಎರಡೇ ನಿಮಿಷದಲ್ಲಿ ಕೆಳಗೆ ಹೋಗಿಬಿಡುತ್ತದೆ, "ಆಯ್ತ್ರಿ" ಅನ್ನುತ್ತಾರೆ. ಆಗಿರುವುದಿಲ್ಲ. ಗಾಳಿ ಹೋಗಿದೆ, ಪಸೆ ಹೋಗಿಲ್ಲ. ಕನಿಷ್ಠ 20 ನಿಮಿಷ ಪಂಪು ಓಡಲಿ, ಆಮೇಲೆ ವಾಲ್ವ್ ಮುಚ್ಚಿ ಹತ್ತು ನಿಮಿಷ ಚಹಾ ಕುಡಿಯಿರಿ. ಮುಳ್ಳು ಅಲ್ಲೇ ನಿಂತಿದ್ದರೆ ಮಾತ್ರ ಗ್ಯಾಸ್ ಬಿಡಬೇಕು.

ಮೊದಲ ರಾತ್ರಿ "ಕೂಲ್ ಆಗ್ತಿಲ್ಲ" ಎಂಬ ದೂರು ಮಾಳಿಗೆ ಮನೆಗಳಲ್ಲಿ ಬಂದೇ ಬರುತ್ತದೆ. ಎರಡಡಿ ಕಲ್ಲು ಹಗಲೆಲ್ಲಾ ಕಾದು ರಾತ್ರಿ ಬಿಸಿ ಬಿಡುತ್ತದೆ. ಅರ್ಧಂಬರ್ಧ ಬಲ್ಲ ಮಿಸ್ತ್ರಿ ಬಂದು ಗ್ಯಾಸ್ ಸೇರಿಸುತ್ತಾನೆ, ಆಮೇಲೆ ನಿಜವಾದ ತೊಂದರೆ ಶುರು. ಗ್ಯಾಸ್ ಮುಟ್ಟುವ ಮೊದಲು ಥರ್ಮಾಮೀಟರ್ ಹಿಡಿಯಿರಿ: ಒಳಹೋಗುವ ಗಾಳಿಗೂ ಹೊರಬರುವ ಗಾಳಿಗೂ 8ರಿಂದ 12 ಡಿಗ್ರಿ ಅಂತರ ಇದ್ದರೆ ಮಷೀನ್ ಸರಿಯಿದೆ, ಕಾದಿರುವುದು ಗೋಡೆ. ಮಲಗುವ ಎರಡು ಗಂಟೆ ಮುಂಚೆ ಹಾಕಿ, 26ಕ್ಕೆ ಇಟ್ಟು ಫ್ಯಾನ್ ತಿರುಗಿಸಿ. ನಾಲ್ಕೈದು ದಿನ ಹೀಗೆ ನಡೆಸಿದರೆ ಗೋಡೆಯೂ ತಣಿಯುತ್ತದೆ, ಆಮೇಲೆ ಅದೇ ಗೋಡೆ ತಂಪನ್ನು ಹಿಡಿದಿಟ್ಟುಕೊಳ್ಳುತ್ತದೆ.

ಗೀಸರ್ ಬಗ್ಗೆ ಹೇಳುವುದು ಸ್ವಲ್ಪ. 25 ಲೀಟರಿನದು ನೀರು ತುಂಬಿದಾಗ 35 ಕಿಲೋ ದಾಟುತ್ತದೆ, ಮಣ್ಣಿನ ಗೋಡೆಗೆ ನೇತುಹಾಕಬೇಡಿ. ನೆಲದಿಂದಲೇ ಕಬ್ಬಿಣದ ಆ್ಯಂಗಲ್ ಸ್ಟ್ಯಾಂಡ್ ಮಾಡಿಸಿ. ಬೋರ್ ನೀರಿನ ಗಡಸಿಗೆ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟುತ್ತದೆ, ಅದರಿಂದ ನೀರು ತಡವಾಗಿ ಕಾಯುತ್ತದೆ, ಕೊನೆಗೆ ಕಾಯಿಲ್ ಒಡೆಯುತ್ತದೆ. ಥರ್ಮೋಸ್ಟಾಟ್ 55ಕ್ಕಿಂತ ಮೇಲೆ ಇಡದಿದ್ದರೆ ಪದರ ಕಟ್ಟುವುದು ನಿಧಾನ. ವರ್ಷಕ್ಕೊಮ್ಮೆ ಬಿಚ್ಚಿಸಿ ಕಾಯಿಲ್ ಕೆರೆಸಿ, ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುವ ಮೆಗ್ನೀಸಿಯಂ ಕಡ್ಡಿ ಕರಗಿದ್ದರೆ ಬದಲಿಸಿ. ಸೇಫ್ಟಿ ವಾಲ್ವಿನಿಂದ ಹನಿ ಬೀಳುತ್ತದೆಂದು ಅದರ ಬಾಯಿಗೆ ಡಮ್ಮಿ (ಬಿರಡೆ) ಹಾಕುವ ಪ್ಲಂಬರ್ ಇದ್ದರೆ ಅವನನ್ನು ಬದಲಿಸಿ.

ಬಿಲ್ಲಿನಲ್ಲಿ ಪೈಪಿನ ಉದ್ದ, ಸೇರಿಸಿದ ಗ್ಯಾಸಿನ ಗ್ರಾಂ, ವೈರಿನ ಅಳತೆ ಬರೆಸಿಕೊಂಡು ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿ. ಮುಂದೆ ಬರುವ ಮಿಸ್ತ್ರಿ ಬೇರೆಯವನಾದರೂ ಅಂದಾಜಿನ ಮೇಲೆ ಕೆಲಸ ಮಾಡಬೇಕಾಗಿಲ್ಲ. ಸರ್ವಿಸ್ ಶಿವರಾತ್ರಿ ಮತ್ತು ಯುಗಾದಿ ನಡುವೆ ಮಾಡಿಸಿ. ಯುಗಾದಿ ಕಳೆದ ಮೇಲೆ ಒಳ್ಳೆ ಮಿಸ್ತ್ರಿ ಫೋನ್ ಎತ್ತುವುದಿಲ್ಲ, ಎತ್ತಿದವನು ಪಂಪು ತರುವುದಿಲ್ಲ.