ಫ್ಯಾನಿನೊಳಗೆ ಹುಳುಮನೆಯ ಸುಣ್ಣ

ನಮ್ಮೂರು ಶಿಡ್ಲಘಟ್ಟ ತಾಲ್ಲೂಕಿನಲ್ಲಿದೆ. ಮನೆಗೆ ಅಂಟಿಕೊಂಡೇ ಹುಳುಮನೆ. ಅಪ್ಪ ಅಮ್ಮ ರೇಷ್ಮೆ ಬೆಳೆ ತೆಗೆಯುತ್ತಾರೆ. ನಾನು ಪಕ್ಕದ ಕೋಣೆಯಲ್ಲಿ ಕೂತು ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹದಿನಾಲ್ಕು ಅಂಗಡಿಗಳ ಲೆಕ್ಕ ನೋಡಿಕೊಳ್ಳುತ್ತೇನೆ. ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್, ಬೆಳಗಿನಿಂದ ರಾತ್ರಿವರೆಗೆ ಈ ಮೂರೇ. ತಿಂಗಳ 11ರೊಳಗೆ ಮಾರಾಟದ ವಿವರದ ಜಿಎಸ್‌ಟಿಆರ್-1 ಹೋಗಬೇಕು, 20ರೊಳಗೆ ತೆರಿಗೆ ಕಟ್ಟುವ 3ಬಿ. ತಡವಾದರೆ ದಂಡ ಕಟ್ಟುವವರು ಅಂಗಡಿಯವರು. ನನ್ನನ್ನು ನಂಬಿ ಬಿಲ್ಲುಗಳ ಕಟ್ಟು ಕೊಟ್ಟಿರುತ್ತಾರೆ, ಹಾಗಾಗಿ ಲ್ಯಾಪ್‌ಟಾಪ್ ಕೈಕೊಟ್ಟರೆ ನನಗೆ ಊಟ ಸೇರುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಅದು ಕೈಕೊಟ್ಟಿತು. ಆನ್ ಮಾಡಿದ ಐದು ನಿಮಿಷಕ್ಕೆ ಫ್ಯಾನು ಜೋರಾಗಿ ತಿರುಗಲು ಶುರುವಾದರೆ ರಾತ್ರಿ ಮುಚ್ಚುವವರೆಗೂ ನಿಲ್ಲುತ್ತಿರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು, “ಇದೇನಮ್ಮ, ನಾಗರಹಾವು ಥರ ಬುಸುಗುಡ್ತೈತೆ” ಎಂದರು. ಸದ್ದನ್ನಾದರೂ ಸಹಿಸಬಹುದಿತ್ತು. ಟ್ಯಾಲಿಯಲ್ಲಿ ಒಂದು ವೋಚರ್, ಅಂದರೆ ಒಂದು ವ್ಯವಹಾರದ ನಮೂದು, ಹಾಕಿ ಎಂಟರ್ ಒತ್ತಿದರೆ ನಾಲ್ಕೈದು ಸೆಕೆಂಡು ಕಾಯಬೇಕಾಗುತ್ತಿತ್ತು. ಮುನ್ನೂರು ವೋಚರ್ ಇದ್ದ ದಿನ ಆ ಸೆಕೆಂಡುಗಳನ್ನು ಕೂಡಿ ನೋಡಿ.

ಪೇಟೆಯಲ್ಲಿ ಒಬ್ಬ ರಿಪೇರಿಯವರ ಹತ್ತಿರ ಒಯ್ದೆ. ಫಾರ್ಮ್ಯಾಟ್ ಮಾಡಿ, ಪಕ್ಕದ ಕಿಂಡಿಗೆ ಹೊರಗಿನಿಂದ ಬ್ಲೋವರ್ ಹಿಡಿದು ಗಾಳಿ ಹೊಡೆದು ಕೊಟ್ಟರು. ಎರಡು ದಿನ ಸುಮಾರಾಗಿತ್ತು, ಮೂರನೆಯ ದಿನ ಮತ್ತೆ ಅದೇ. ಮತ್ತೆ ಹೋದಾಗ “ಬೋರ್ಡ್ ಹಳೇದಾಯ್ತು ಮೇಡಂ, ಹೊಸದು ತಗೊಂಬಿಡಿ” ಎಂದರು. 2018ರಲ್ಲಿ ಕೊಂಡದ್ದು, ಎಂಟನೇ ತಲೆಮಾರಿನ ಐ5 ಪ್ರೊಸೆಸರ್. ಎರಡು ವರ್ಷದ ಹಿಂದೆ ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 4 ಜಿಬಿಯಿಂದ 8ಕ್ಕೆ ಏರಿಸಿದ್ದೆ. ಲೆಕ್ಕ ಬರೆಯಲು ಅಷ್ಟು ಬೇಕಾದಷ್ಟಾಯಿತು. ಹೊಸದಕ್ಕೆ ದುಡ್ಡು ಸುರಿಯುವ ಮೊದಲು ಕಾರಣವನ್ನು ನಾನೇ ಹುಡುಕಬೇಕು ಅನ್ನಿಸಿತು.

ಫ್ಯಾನು ತಿರುಗುವುದು ಪ್ರೊಸೆಸರ್ ಕಾದಾಗ. ಕಾಯುವುದಕ್ಕೆ ಎರಡು ದಾರಿ. ಒಂದೋ ಅದರ ತಲೆಯ ಮೇಲೆ ನಿಜವಾಗಿಯೂ ಕೆಲಸ ಬಿದ್ದಿದೆ, ಇಲ್ಲವೇ ಕೆಲಸ ಕಮ್ಮಿಯಿದ್ದರೂ ಹುಟ್ಟಿದ ಕಾವು ಹೊರಗೆ ಹೋಗುತ್ತಿಲ್ಲ. ಮೊದಲನೆಯದಕ್ಕೆ ಮದ್ದು ತಂತ್ರಾಂಶದಲ್ಲಿದೆ, ಎರಡನೆಯದಕ್ಕೆ ಸ್ಕ್ರೂ ಡ್ರೈವರ್‌ನಲ್ಲಿದೆ. ನನಗೆ ಫಾರ್ಮ್ಯಾಟ್ ಮಾಡಿಕೊಟ್ಟವರು ಇವೆರಡರಲ್ಲಿ ಯಾವುದು ಎಂದು ನೋಡಲೇ ಇಲ್ಲ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಸಿಪಿಯು, ಅಂದರೆ ಪ್ರೊಸೆಸರ್, ಅಂಕಣದ ತಲೆಯ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ತಿನ್ನುತ್ತಿರುವುದು ಮೇಲಕ್ಕೆ ಬರುತ್ತದೆ. ಬ್ರೌಸರ್ ಶೇಕಡಾ 35, 40 ಎಂದು ತೋರಿಸುತ್ತಿತ್ತು, ತೆರೆದಿದ್ದದ್ದು ಬರೀ ಎರಡು ಟ್ಯಾಬ್. ಕ್ರೋಮ್‌ಗೆ ತನ್ನದೇ ಒಂದು ಟಾಸ್ಕ್ ಮ್ಯಾನೇಜರ್ ಇದೆ, ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಬರುತ್ತದೆ. ಅದರಲ್ಲಿ ನೋಡಿದರೆ ಯಾವತ್ತೋ ಪಿಡಿಎಫ್ ಕೂಡಿಸಲು ಹಾಕಿಕೊಂಡಿದ್ದ ಎಕ್ಸ್‌ಟೆನ್ಷನ್ ಸುಮ್ಮನೆ ಓಡುತ್ತಾ ಕೂತಿತ್ತು. ಫಾರ್ಮ್ಯಾಟ್ ಆದ ಮೇಲೆ ನನ್ನ ಖಾತೆಗೆ ಲಾಗಿನ್ ಆದ ಕೂಡಲೇ ಅದೂ ಹಿಂದಿಂದೆಯೇ ಬಂದು ಸೇರಿಕೊಂಡಿತ್ತು! ಕಿತ್ತುಹಾಕಿದೆ. ಆನ್ ಆಗುವಾಗಲೇ ತೆರೆದುಕೊಳ್ಳುವ ಐದಾರನ್ನು ಸ್ಟಾರ್ಟಪ್ ಪಟ್ಟಿಯಲ್ಲಿ ಡಿಸೇಬಲ್ ಮಾಡಿದೆ. ಹಾರ್ಡ್ ಡಿಸ್ಕ್ ಇರುವವರು ಡಿಸ್ಕ್ ಅಂಕಣವನ್ನೂ ನೋಡಬೇಕು. ಅದು 100ರಲ್ಲೇ ನಿಂತಿದ್ದರೆ ನಿಧಾನಕ್ಕೆ ಕಾರಣ ಅಲ್ಲೇ ಇದೆ, ಎಸ್‌ಎಸ್‌ಡಿ ಹಾಕಿಸಿದರೆ ಮುಗಿಯಿತು. ನನ್ನದರಲ್ಲಿ ಅದು ಎರಡೋ ಮೂರೋ ಇತ್ತು.

ಸಿಪಿಯು 4ಕ್ಕೆ ಇಳಿಯಿತು. ಗೆದ್ದೆ ಅಂದುಕೊಂಡು ಕಾಫಿ ಕುಡಿದು ಬಂದೆ. ಸಿಪಿಯು ಈಗಲೂ 4, ಫ್ಯಾನು ಅದೇ ಜೋರಿನಲ್ಲಿ!

ಆಗ ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ ಟ್ಯಾಲಿಯಲ್ಲಿ ಒಂದು ದೊಡ್ಡ ವರದಿ ತೆರೆದೆ. ಗ್ರಾಫಿನ ಕೆಳಗೆ ಸ್ಪೀಡ್ ಎಂದು ಒಂದು ಅಂಕಿ ಇರುತ್ತದೆ. ನನ್ನ ಪ್ರೊಸೆಸರ್‌ನ ಮೂಲ ವೇಗ 1.60 ಗಿಗಾಹರ್ಟ್ಸ್. ಕೆಲಸ ಬಿದ್ದಾಗ ಅದು 3ರ ಮೇಲೆ ಏರಬೇಕು. ಅಲ್ಲಿ 0.79 ಇತ್ತು. ಶೇಕಡಾವಾರನ್ನು ಎಲ್ಲರೂ ನೋಡುತ್ತಾರೆ, ಈ ಅಂಕಿಯನ್ನು ನೋಡುವವರನ್ನು ನಾನು ಕಂಡಿಲ್ಲ. ನನ್ನ ಮಟ್ಟಿಗೆ ಇಡೀ ಕತೆ ಬಿಚ್ಚಿಕೊಂಡದ್ದು ಅದರಿಂದ.

ಪ್ರೊಸೆಸರ್ 95, 100 ಡಿಗ್ರಿಯ ಹತ್ತಿರ ಬಂದರೆ ಸುಟ್ಟುಹೋಗದಿರಲು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇದಕ್ಕೆ ಥರ್ಮಲ್ ಥ್ರಾಟ್ಲಿಂಗ್ ಎನ್ನುತ್ತಾರೆ. ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದೆ. ಏನೂ ಮಾಡದೆ ಬಿಟ್ಟಾಗಲೇ 71 ಡಿಗ್ರಿ, ಟ್ಯಾಲಿಯ ಜೊತೆ ಪೋರ್ಟಲ್ ತೆರೆದರೆ 97. ಥ್ರಾಟ್ಲಿಂಗ್ ಸಾಲಿನಲ್ಲಿ ಹೌದು ಎಂಬ ಉತ್ತರ ಕೆಂಪಗೆ ನಿಂತಿತ್ತು. ನಿಧಾನವಾಗಿದ್ದದ್ದಕ್ಕೂ ಫ್ಯಾನು ನಿಲ್ಲದಿದ್ದದ್ದಕ್ಕೂ ಕಾರಣ ಒಂದೇ ಎಂದಾಯಿತು.

ಬಿಚ್ಚುವ ಮೊದಲು ಇನ್ನೊಂದು ಪರೀಕ್ಷೆ ಮಾಡಿದೆ. ಹುಳುಮನೆಯಿಂದ ರೇಷ್ಮೆ ಗೂಡಿನ ಮೇಲಿನ ಸಡಿಲ ಎಳೆ ಒಂದನ್ನು ತಂದು ಪಕ್ಕದ ಕಿಂಡಿಯ ಮುಂದೆ ಹಿಡಿದೆ. ಆ ಎಳೆ ಉಸಿರು ಬಿಟ್ಟರೂ ಹಾರುವಂಥದ್ದು. ಒಳಗೆ ಫ್ಯಾನು ಅಷ್ಟು ಅಬ್ಬರಿಸುತ್ತಿದ್ದರೂ ಅದು ತೂಗಿದಂತೆ ಮಾಡಿ ಸುಮ್ಮನೆ ನಿಂತಿತು. ಗಾಳಿ ಹೊರಗೆ ಬರುತ್ತಲೇ ಇಲ್ಲ!

ಅಮ್ಮ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. “ಸುಣ್ಣ ಹೋಗಿರ್ತೈತೆ ನೋಡೇ ಅದ್ರೊಳ್ಗೆ. ಹೋದ ಬೆಳೇಲಿ ನನ್ನ ಮಿಕ್ಸಿಗೂ ಹೋಗಿತ್ತಲ್ಲ” ಎಂದರು. ರೇಷ್ಮೆ ಬೆಳೆಯದ ಕಡೆಯವರಿಗೆ ಇದನ್ನು ಹೇಳಬೇಕು. ಹುಳು ಪೊರೆ ಬಿಡುವ ಮೊದಲು ತಿನ್ನುವುದು ಬಿಟ್ಟು ತಲೆಯೆತ್ತಿ ಕೂರುತ್ತದೆ. ನಾವು ಅದನ್ನು ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಒಂದು ಬೆಳೆಗೆ ನಾಲ್ಕು ಜ್ವರ. ಹಾಸಿಗೆಯ ಪಸೆ ಒಣಗಲೆಂದು ಆಗ ಸುಣ್ಣದ ಪುಡಿಯನ್ನು ತೆಳ್ಳನೆ ಬಟ್ಟೆಯಲ್ಲಿ ಕಟ್ಟಿ ತಟ್ಟಿ ತಟ್ಟಿ ಉದುರಿಸುತ್ತಾರೆ. ನನ್ನ ಮೇಜು ಇದ್ದದ್ದು ಹುಳುಮನೆಯ ಕಡೆಯ ಕಿಟಕಿಯ ಕೆಳಗೆ.

ವಾರಂಟಿ ಎಂದೋ ಮುಗಿದಿತ್ತು, ಆ ಧೈರ್ಯದಲ್ಲಿ ಬಿಚ್ಚಿದೆ. ವಾರಂಟಿ ಇರುವವರು ಸ್ಕ್ರೂ ಮುಟ್ಟಬೇಡಿ. ಇನ್ನೊಂದು ಮಾತು: ಟಚ್‌ಪ್ಯಾಡ್ ಉಬ್ಬಿದ್ದರೆ ಅಥವಾ ಅಡಿಯ ಮುಚ್ಚಳ ಬಾಗಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿರುತ್ತದೆ. ಅದನ್ನು ಚುಚ್ಚಿದರೆ ಬೆಂಕಿ ಹತ್ತಬಹುದು, ತಿಳಿದವರಿಗೇ ಕೊಡಿ.

ಮಾಡೆಲ್ ಸಂಖ್ಯೆ ಹಾಕಿ ಹುಡುಕಿದಾಗ ಬಿಚ್ಚುವ ಕ್ರಮದ ಕೈಪಿಡಿ ಸಿಕ್ಕಿತು. ಸಣ್ಣ ಸ್ಕ್ರೂ ಡ್ರೈವರ್ ಸೆಟ್ಟು, ಹಳೆಯ ಎಟಿಎಂ ಕಾರ್ಡು, ಬಣ್ಣ ಹಚ್ಚುವ ಮೆತ್ತನೆಯ ಬ್ರಷ್ಷು, ಥರ್ಮಲ್ ಪೇಸ್ಟಿನ ಒಂದು ಸಿರಿಂಜು, ಐಸೋಪ್ರೊಪೈಲ್ ಆಲ್ಕೊಹಾಲು, ಒಂದು ಥರ್ಮೊಕೋಲ್ ಹಲಗೆ ಇಟ್ಟುಕೊಂಡೆ. ಥರ್ಮೊಕೋಲ್ ಮೇಲೆ ಲ್ಯಾಪ್‌ಟಾಪಿನ ಆಕಾರ ಗೀಚಿ, ಬಿಚ್ಚಿದ ಸ್ಕ್ರೂವನ್ನು ಅದರದೇ ಜಾಗದಲ್ಲಿ ಚುಚ್ಚುತ್ತಾ ಹೋದೆ. ಎಲ್ಲ ಸ್ಕ್ರೂಗಳೂ ಒಂದೇ ಉದ್ದ ಇರುವುದಿಲ್ಲ, ಗಿಡ್ಡದರ ತೂತಿಗೆ ಉದ್ದದ್ದನ್ನು ತಿರುಗಿಸಿದರೆ ಮೇಲಿನ ಕವಚ ಒಡೆಯುತ್ತದೆ. ಎರಡು ಸ್ಕ್ರೂ ಹಿಂಬದಿಯ ರಬ್ಬರ್ ಪಟ್ಟಿಯ ಅಡಿಯಲ್ಲಿ ಅಡಗಿದ್ದವು. ಮುಚ್ಚಳ ಬರುವುದಿಲ್ಲ ಎಂದು ಎಳೆದಾಡುವ ಮುನ್ನ ಅಲ್ಲಿ ನೋಡಬೇಕು.

ಮುಚ್ಚಳ ತೆಗೆದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಆಮೇಲೆ ಪವರ್ ಬಟನ್ನನ್ನು ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿದೆ, ಉಳಿದ ಕರೆಂಟು ಇಳಿದುಹೋಗಲೆಂದು. ಸಿಂಥೆಟಿಕ್ ಬಟ್ಟೆ ಬಿಟ್ಟು ಹತ್ತಿಯ ಚೂಡಿದಾರ್ ಹಾಕಿಕೊಂಡಿದ್ದೆ, ಬೋರ್ಡು ಮುಟ್ಟುವ ಮೊದಲು ಕಿಟಕಿಯ ಕಬ್ಬಿಣದ ಸರಳು ಮುಟ್ಟಿಕೊಳ್ಳುತ್ತಿದ್ದೆ. ಮೈಮೇಲಿನ ಸ್ಥಾಯಿ ವಿದ್ಯುತ್ ಬೋರ್ಡಿಗೆ ಹಾಯಬಾರದು.

ಫ್ಯಾನಿನ ರೆಕ್ಕೆಗಳ ಮೇಲೆ ಬೂದು ಬಣ್ಣದ ಒಂದು ಪದರ ಕೂತಿತ್ತು, ಅಷ್ಟೇ. ಇಷ್ಟಕ್ಕೇ ಇಷ್ಟು ಕಾವೇ ಎಂದು ಅನುಮಾನ ಬಂತು. ಮೂರು ಸ್ಕ್ರೂ ಬಿಚ್ಚಿ ಫ್ಯಾನನ್ನೇ ಮೇಲೆತ್ತಿದಾಗ ನಿಜ ಸಂಗತಿ ಕಂಡಿತು. ಫ್ಯಾನಿನ ಬಾಯಿಗೆ ಎದುರಾಗಿ ತೆಳು ತಗಡುಗಳ ಸಾಲು ಇರುತ್ತದೆ, ಹೇನಿನ ಬಾಚಣಿಗೆಯ ಹಲ್ಲುಗಳಷ್ಟು ಒತ್ತಾಗಿ. ಪ್ರೊಸೆಸರ್ ಮೇಲಿಂದ ಬರುವ ತಾಮ್ರದ ಕೊಳವೆ ಅದಕ್ಕೆ ಬೆಸೆದಿರುತ್ತದೆ. ಕೊಳವೆಯೊಳಗೆ ಚೂರು ದ್ರವ ಇದ್ದು, ಬಿಸಿ ತುದಿಯಲ್ಲಿ ಆವಿಯಾಗಿ ಈ ತುದಿಯಲ್ಲಿ ಮತ್ತೆ ನೀರಾಗುತ್ತಾ ಕಾವನ್ನು ಹೊತ್ತು ತರುತ್ತದೆ. ಆ ಕಾವನ್ನು ಫ್ಯಾನು ತಗಡುಗಳ ಸಂದಿಯಿಂದ ಹೊರಗೆ ಊದಬೇಕು. ನನ್ನದರಲ್ಲಿ ಸಂದಿಯೇ ಇರಲಿಲ್ಲ. ತಗಡುಗಳ ಮುಖಕ್ಕೆ, ಈ ತುದಿಯಿಂದ ಆ ತುದಿಗೆ, ಬೆರಳುದ್ದದ ಒಂದು ಬಿಲ್ಲೆ ಅಂಟಿ ಕೂತಿತ್ತು. ಬ್ರಷ್ಷಿಗೆ ಅಲುಗಲಿಲ್ಲ. ಹಲ್ಲುಕಡ್ಡಿಯಿಂದ ಒಂದು ಮೂಲೆ ಎಬ್ಬಿಸಿ ಎಳೆದೆ, ಒಣಗಿದ ರೊಟ್ಟಿಯ ಚೂರಿನ ಹಾಗೆ ಇಡಿಯಾಗಿ ಕೈಗೆ ಬಂತು. ಬೆಳಕಿಗೆ ಹಿಡಿದು ನೋಡಿದೆ. ಹತ್ತಿಯ ನಾರು, ನನ್ನದೇ ಎರಡು ಕೂದಲು, ರೇಷ್ಮೆಯ ಸಣ್ಣ ಸಣ್ಣ ಎಳೆ, ಅವೆಲ್ಲವನ್ನೂ ಗಾರೆಯಂತೆ ಹಿಡಿದಿಟ್ಟ ಬಿಳಿ ಸುಣ್ಣ. ಹುಳುಮನೆಯಲ್ಲಿ ನಾವು ತೇವಾಂಶವನ್ನು ಶೇಕಡಾ 70, 80ರಲ್ಲಿ ಇಟ್ಟಿರುತ್ತೇವೆ. ಆ ತೇವದ ಗಾಳಿಯೂ ಸುಣ್ಣದ ಪುಡಿಯೂ ಒಂದೇ ಕಿಟಕಿಯಿಂದ ಬಂದು ಇಲ್ಲಿ ಗಟ್ಟಿಕಟ್ಟಿದ್ದವು. ಹೊರಗಿನಿಂದ ಬ್ಲೋವರ್ ಹೊಡೆದದ್ದು ಏಕೆ ತಾಗಲಿಲ್ಲ ಎಂಬುದೂ ಆಗ ಅರ್ಥವಾಯಿತು. ಬಿಲ್ಲೆ ಇದ್ದದ್ದು ತಗಡುಗಳ ಒಳಮುಖಕ್ಕೆ, ಹೊರಗಿಂದ ಬಂದ ಗಾಳಿಗೆ ಅದನ್ನು ಕೀಳುವ ಶಕ್ತಿ ಇರಲಿಲ್ಲ.

ಅಮ್ಮನನ್ನು ಕರೆದು ತೋರಿಸಿದೆ. “ಹೇಳ್ಲಿಲ್ವಾ ನಾನು” ಎಂದು ಅದನ್ನು ಅಂಗೈಯಲ್ಲಿಟ್ಟುಕೊಂಡು ಅಪ್ಪನಿಗೆ ತೋರಿಸಲು ಹೊರಟರು.

ಒಳಗೆ ಒದ್ದೆ ಬಟ್ಟೆ ತಾಗಿಸಲೇ ಇಲ್ಲ. ಉಳಿದ ಪುಡಿಯನ್ನು ಬ್ರಷ್ಷಿನಿಂದ ಕೆಡವಿ, ಕೈಯಲ್ಲಿ ಒತ್ತುವ ರಬ್ಬರ್ ಬ್ಲೋವರ್‌ನಿಂದ ಊದಿದೆ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಬೇಕು, ಗಾಳಿಗೆ ಮಿತಿಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ.

ಪ್ರೊಸೆಸರ್‌ನ ಕಾವನ್ನು ಅದರ ಮೇಲೆ ಕೂರುವ ಲೋಹದ ಹೀಟ್‌ಸಿಂಕಿಗೆ ದಾಟಿಸುವುದು ನಡುವಿನ ಥರ್ಮಲ್ ಪೇಸ್ಟು. ಅಷ್ಟು ಬಿಚ್ಚಿದ ಮೇಲೆ ಅದನ್ನೂ ಬದಲಿಸಿಬಿಟ್ಟೆ. ಹೀಟ್‌ಸಿಂಕಿನ ನಾಲ್ಕು ಸ್ಕ್ರೂಗಳ ಪಕ್ಕ 1, 2, 3, 4 ಎಂದು ಬರೆದಿತ್ತು. ಬಿಚ್ಚುವಾಗ 4ರಿಂದ ಹಿಂದಕ್ಕೆ, ಹಾಕುವಾಗ 1ರಿಂದ ಮುಂದಕ್ಕೆ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ. ಒಂದೇ ಕಡೆ ಒತ್ತಡ ಬಿದ್ದರೆ ಪ್ರೊಸೆಸರ್ ಚಿಪ್‌ನ ಮೂಲೆ ಸೀಳಬಹುದು. ಹಳೆಯ ಪೇಸ್ಟು ಒಣಗಿ ಬಳಪದ ಪುಡಿಯಂತಾಗಿತ್ತು. ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಚಿಪ್ ಕನ್ನಡಿಯ ಹಾಗೆ ಹೊಳೆಯುವವರೆಗೆ ಒರೆಸಿ, ನಡುವೆ ಒಂದು ಹೆಸರುಕಾಳಿನಷ್ಟು ಹೊಸ ಪೇಸ್ಟು ಇಟ್ಟೆ. ಹರಡುವ ಕೆಲಸ ಹೀಟ್‌ಸಿಂಕಿನದು. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂಬುದು ಸುಳ್ಳು.

ಎಲ್ಲ ಸೇರಿ ಎರಡೂವರೆ ಗಂಟೆ ಹಿಡಿಯಿತು. ಆನ್ ಮಾಡಿದಾಗ ಫ್ಯಾನು ಒಮ್ಮೆ ತಿರುಗಿ ಸುಮ್ಮನಾಯಿತು. ಅಷ್ಟು ದಿನದ ಸದ್ದಿಗೆ ಒಗ್ಗಿಹೋಗಿದ್ದ ನನಗೆ ಫ್ಯಾನಿನ ಕನೆಕ್ಟರ್ ಹಾಕಲು ಮರೆತೆನೋ ಎಂದು ಭಯವಾಗಿ, ಕಿಂಡಿಯ ಮುಂದೆ ಅದೇ ಎಳೆ ಹಿಡಿದೆ. ಮೆಲ್ಲಗೆ ಹೊರಕ್ಕೆ ಬಾಗಿ ಹಾರಾಡುತ್ತಾ ನಿಂತಿತು. ಸುಮ್ಮನಿದ್ದಾಗ 47 ಡಿಗ್ರಿ, ಟ್ಯಾಲಿ ಮತ್ತು ಪೋರ್ಟಲ್ ಎರಡೂ ತೆರೆದಾಗ 76. ಸ್ಪೀಡು 2.9, 3.1 ಎಂದು ಆಡುತ್ತಿತ್ತು. ಎಂಟರ್ ಒತ್ತಿದ ಮರುಕ್ಷಣ ವೋಚರ್ ಸೇವ್ ಆಗುತ್ತಿತ್ತು. ಆ ತಿಂಗಳ 3ಬಿಗಳನ್ನು 17ಕ್ಕೇ ಮುಗಿಸಿದೆ.

ಮೇ ತಿಂಗಳ ಮಧ್ಯಾಹ್ನಗಳಲ್ಲಿ ಕೋಣೆಯೇ ಕಾದಿರುವಾಗ ಇನ್ನೊಂದು ಉಪಾಯ ಮಾಡುತ್ತೇನೆ. ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿಯನ್ನು 100ರಿಂದ 99ಕ್ಕೆ ಇಳಿಸುವುದು. ಒಂದೇ ಅಂಕ ಇಳಿಸಿದರೂ ಮೂಲ ವೇಗದ ಮೇಲೆ ಜಿಗಿಯುವ ಟರ್ಬೊ ನಿಂತುಹೋಗಿ ಕಾವು ತುಂಬಾ ಇಳಿಯುತ್ತದೆ. ಎಕ್ಸೆಲ್‌ಗೆ ಆ ವೇಗ ಸಾಕು.

ಆಮೇಲೆ ಚಿಂತಾಮಣಿಯಿಂದ ಅಕ್ಕನ ಮಗ ಅವನ ಲ್ಯಾಪ್‌ಟಾಪ್ ಹೊತ್ತು ತಂದ. “ಚಿಕ್ಕಮ್ಮ, ಇದನ್ನೂ ಬಿಚ್ಚಿ ಕ್ಲೀನ್ ಮಾಡಿಕೊಡಿ.” ಮೊದಲು ಅಂಕಿ ನೋಡೋಣ ಕಣೋ ಎಂದೆ. ಸ್ಪೀಡು 0.40, ಆದರೆ ಕಾವು ಬರೀ 52. ಕಾಯದೆಯೇ ನಿಧಾನವಾಗಿದೆ ಎಂದರೆ ಧೂಳಿನ ತಪ್ಪಲ್ಲ. ಚಾರ್ಜರ್ ಪಿನ್ ಎಳೆದು ಬ್ಯಾಟರಿಯಲ್ಲಿ ಓಡಿಸಿದೆ, ವೇಗ ತಟ್ಟನೆ ಏರಿತು. ಹಳೆಯ ಚಾರ್ಜರ್ ಕೆಟ್ಟಾಗ ಅವನು ಕಡಿಮೆ ದುಡ್ಡಿನದೊಂದು ಕೊಂಡಿದ್ದ. ಕೆಲವು ಲ್ಯಾಪ್‌ಟಾಪ್‌ಗಳು ಚಾರ್ಜರ್‌ನ ಗುರುತು ಸಿಗದಿದ್ದರೆ ಪ್ರೊಸೆಸರ್‌ನ ವೇಗವನ್ನು ಹೀಗೆ ಕಟ್ಟಿಹಾಕುತ್ತವೆ. ಸರಿಯಾದ ವಾಟ್‌ನ ಅಸಲಿ ಚಾರ್ಜರ್ ತಂದ ಮೇಲೆ ಸರಿಹೋಯಿತು, ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ.

ನನ್ನ ಮೇಜು ಈಗ ರಸ್ತೆಯ ಕಡೆಯ ಗೋಡೆಗೆ ಹೋಗಿದೆ. ಲ್ಯಾಪ್‌ಟಾಪಿನ ಅಡಿಗೆ ಎರಡು ಮರದ ಪಟ್ಟಿ ಇಟ್ಟಿದ್ದೇನೆ, ಗಾಳಿ ಎಳೆದುಕೊಳ್ಳುವ ತೂತುಗಳು ಅಡಿಯಲ್ಲೇ ಇರುವುದರಿಂದ. ಹಾಸಿಗೆಯ ಮೇಲಿಟ್ಟು ಕೆಲಸ ಮಾಡುವುದನ್ನು ಪೂರ್ತಿ ಬಿಟ್ಟೆ. ಸುಣ್ಣ ಉದುರಿಸುವ ದಿನ ಅಮ್ಮ ಮೊದಲೇ ಕೂಗಿ ಹೇಳುತ್ತಾರೆ, ನಾನು ಲ್ಯಾಪ್‌ಟಾಪ್ ಆಫ್ ಮಾಡಿ ಬ್ಯಾಗಿಗೆ ಹಾಕಿ ಜಿಪ್ ಎಳೆಯುತ್ತೇನೆ. ಎರಡು ಬೆಳೆಗೊಮ್ಮೆ ಮುಚ್ಚಳ ತೆಗೆದು ಬ್ರಷ್ಷು ಆಡಿಸುತ್ತೇನೆ, ಈಗ ಅದಕ್ಕೆ ಇಪ್ಪತ್ತು ನಿಮಿಷ ಸಾಕು.

ಒಂದು ಕೆಲಸ ಬಾಕಿ ಉಳಿದಿದೆ. ಚಳಿಯ ಬೆಳಗ್ಗೆ ಆನ್ ಮಾಡಿದಾಗ ಫ್ಯಾನು ಅರ್ಧ ನಿಮಿಷ ಕಿರ್ ಎನ್ನುತ್ತದೆ, ಅಷ್ಟು ಕಾಲ ಬಿಡುವಿಲ್ಲದೆ ತಿರುಗಿ ಬೇರಿಂಗ್ ಸವೆದಿದೆ. ಅದರ ಬೆನ್ನಿನ ಚೀಟಿಯಲ್ಲಿದ್ದ ಪಾರ್ಟ್ ನಂಬರ್ ಕೊಟ್ಟು ಹೊಸ ಫ್ಯಾನಿಗೆ ಆರ್ಡರ್ ಹಾಕಿದ್ದೇನೆ. ಮುಂದಿನ ಬೆಳೆಯ ಚಾಕಿ, ಅಂದರೆ ಎಳೆಯ, ಹುಳು ಮನೆಗೆ ಬರುವಷ್ಟರಲ್ಲಿ ಹಾಕಿ ಮುಗಿಸಬೇಕು.