ಗನ್ ಲೈಸೆನ್ಸ್: ದುಡ್ಡು ಕಟ್ಟುವ ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ

ನಾನಿರುವ ಡಲ್ಲಾಸ್ ಕಡೆ ಹೊಸದಾಗಿ ಬಂದವರು ಮನೆ, ಕಾರು ಎಲ್ಲ ಆದ ಮೇಲೆ ಒಂದು ದಿನ ಕೇಳೇ ಕೇಳುತ್ತಾರೆ: "ಅಣ್ಣಾ, ಇಲ್ಲಿ ಗನ್ ಲೈಸೆನ್ಸ್ ಮಾಡಿಸೋಕೆ ಎಷ್ಟಾಗುತ್ತೆ?" ಟೆಕ್ಸಸ್‌ನಲ್ಲಿ ಗನ್ ಇಟ್ಟುಕೊಂಡು ಹೊರಗೆ ಓಡಾಡುವ ಲೈಸೆನ್ಸಿನ ಅರ್ಜಿ ಶುಲ್ಕ 40 ಡಾಲರ್. ಮೊದಲು 140 ಇತ್ತು, 2017ರಲ್ಲಿ ಇಳಿಸಿದರು. ಆದರೆ ಅದಕ್ಕೂ ಮೊದಲು ನಾನು ಕೇಳುವುದು ಒಂದೇ: ನೀವು ಯಾವ ವೀಸಾದಲ್ಲಿದ್ದೀರಿ?

ಎಚ್‌-1ಬಿ, ಎಚ್‌-4, ಎಲ್‌-1, ಎಫ್‌-1, ಬಿ-2 ಇಂಥ ತಾತ್ಕಾಲಿಕ ವೀಸಾದಲ್ಲಿ (ಕೆಲಸ, ಅವರ ಕುಟುಂಬ, ಕಂಪನಿ ವರ್ಗಾವಣೆ, ಓದು, ಪ್ರವಾಸ) ಬಂದವರು ಗನ್ ಆಗಲಿ, ಒಂದೇ ಒಂದು ಗುಂಡಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಇದು ಫೆಡರಲ್ ಕಾನೂನು, ಯಾವ ರಾಜ್ಯದಲ್ಲಿದ್ದರೂ ಇದೇ. ತಪ್ಪಿದರೆ 15 ವರ್ಷದವರೆಗೆ ಜೈಲು. ಕೆಲವು ವಿನಾಯಿತಿಗಳಿವೆ. ನಮ್ಮಂಥವರಿಗೆ ಅನ್ವಯಿಸಬಹುದಾದದ್ದು ಅವಧಿ ಮುಗಿಯದ ಹಂಟಿಂಗ್ (ಬೇಟೆ) ಲೈಸೆನ್ಸ್. ಆದರೆ ಅದನ್ನೇ ನಂಬಿಕೊಂಡು ಇಮಿಗ್ರೇಷನ್ ಲಾಯರನ್ನು ಕೇಳದೆ ಏನೂ ಮಾಡಬೇಡಿ. ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಅಪ್ರೂವ್ ಆಗಿದೆ, ಇಎಡಿ (ಕೆಲಸ ಮಾಡಲು ಅನುಮತಿ ಪತ್ರ) ಬಂದಿದೆ ಅಂದರೂ ಸಾಲದು. ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಪತ್ರ, ಕೈಗೆ ಬರಬೇಕು.

ಜಾಸ್ತಿ ಜನ ಎಡವುವುದು ಶೂಟಿಂಗ್ ರೇಂಜ್‌ನಲ್ಲಿ, ಅಂದರೆ ಗುಂಡು ಹೊಡೆಯುವ ಅಭ್ಯಾಸದ ಜಾಗದಲ್ಲಿ. ಆಫೀಸಿನ ಟೀಮ್ ಔಟಿಂಗ್, ಎಲ್ಲರೂ ಹೋಗುತ್ತಾರೆ, ಬಾಡಿಗೆ ಗನ್, ಅರ್ಧ ಗಂಟೆ ಹೊಡೆದು ವಾಟ್ಸಾಪ್‌ಗೆ ಒಂದು ಫೋಟೋ. ಬಾಡಿಗೆಯದಾದರೇನು, ಕೈಯಲ್ಲಿ ಹಿಡಿದಿರಿ ಅಂದರೆ ಕಾನೂನಿನ ಕಣ್ಣಿಗೆ ಅದು ನಿಮ್ಮ ವಶದಲ್ಲಿದ್ದ ಹಾಗೆ. ಫ್ಲೋರಿಡಾದಲ್ಲಿ ಸ್ಟೂಡೆಂಟ್ ವೀಸಾದಲ್ಲಿ ಬಂದ ಒಬ್ಬ ಹುಡುಗನನ್ನು ಕಾಲೇಜು ತೆಗೆದುಹಾಕಿತ್ತು. ಆಮೇಲೂ ಇಲ್ಲೇ ಇದ್ದವನು ರೇಂಜ್‌ಗೆ ಹೋಗಿ ಗುಂಡು ಹೊಡೆದ. ಅಷ್ಟಕ್ಕೇ ಫೆಡರಲ್ ಕೇಸು ಬಿತ್ತು, ಶಿಕ್ಷೆಯೂ ಆಯಿತು. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ತನ್ನ ವಲಸೆ ಸ್ಥಿತಿ ಏನೆಂದು ಆರೋಪಿಗೆ ಗೊತ್ತಿತ್ತು ಅನ್ನುವುದನ್ನು ಸರ್ಕಾರ ಸಾಬೀತು ಮಾಡಬೇಕು ಎಂದು 2019ರಲ್ಲಿ ತೀರ್ಪು ಬಂತು. ತೀರ್ಪು ಅವನ ಪರ ಬಂತು, ನಿಜ. ಅಷ್ಟರಲ್ಲಿ ಎಷ್ಟು ವರ್ಷ ಹೋಯಿತು, ಯೋಚಿಸಿ.

ನಮ್ಮ ಕೊಡಗಿನ ಹುಡುಗರಿಗೆ ಇದನ್ನು ಒತ್ತಿ ಹೇಳುತ್ತೇನೆ. ಊರಲ್ಲಿ ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದೂಕಿನ ಲೈಸೆನ್ಸ್ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್ ಪೋಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಮಾಡಿ ಬೆಳೆದವರು ನೀವು. ನಿಮಗೆ ಇಲ್ಲಿ ನಮ್ಮೆಲ್ಲರಿಗಿಂತ ಚೆನ್ನಾಗಿ ಗನ್ ಹಿಡಿಯಲು ಬರಬಹುದು. ಆದರೂ ಎಚ್‌-1ಬಿ ಎಚ್‌-1ಬಿಯೇ.

ಗ್ರೀನ್ ಕಾರ್ಡ್ ಬಂತು ಅಂದುಕೊಳ್ಳಿ. ಆಗ ಅಂಗಡಿಯಲ್ಲಿ 4473 ಅನ್ನುವ ಫಾರಂ ತುಂಬಿಸಿ, ಬ್ಯಾಕ್‌ಗ್ರೌಂಡ್ ಚೆಕ್ ಆಗಿ ಗನ್ ಕೊಳ್ಳಬಹುದು. ಪಿಸ್ತೂಲಿಗೆ 21 ತುಂಬಿರಬೇಕು. ಫಾರಂನಲ್ಲಿ ಸುಳ್ಳು ಬರೆಯುವುದು, ಕೊಳ್ಳಲು ಹಕ್ಕಿಲ್ಲದ ಗೆಳೆಯನಿಗೆ ನಿಮ್ಮ ಹೆಸರಲ್ಲಿ ತೆಗೆದುಕೊಡುವುದು, ಎರಡೂ ದೊಡ್ಡ ಅಪರಾಧ. ಪೌರತ್ವ ಇಲ್ಲದವರಿಗೆ ಇನ್ನೊಂದು ಅಪಾಯವೂ ಇದೆ: ಗನ್ ಅಪರಾಧದಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದರೂ ಗಡೀಪಾರು ಮಾಡಬಹುದು.

ಈಗ ದುಡ್ಡಿನ ಮಾತು. ಗನ್ ಇಟ್ಟುಕೊಳ್ಳುವ ಹಕ್ಕು 1791ರಿಂದಲೇ ಸಂವಿಧಾನದ ಎರಡನೇ ತಿದ್ದುಪಡಿಯಲ್ಲಿದೆ. ಅದನ್ನು ಬಟ್ಟೆಯೊಳಗೆ ಕಾಣದ ಹಾಗೆ ಇಟ್ಟುಕೊಂಡು ಹೊರಗೆ ಓಡಾಡಲು ಬೇಕಾಗುವುದೇ ಕನ್ಸೀಲ್ಡ್ ಕ್ಯಾರಿ ಪರ್ಮಿಟ್. ಅದರ ಖರ್ಚು ರಾಜ್ಯದಿಂದ ರಾಜ್ಯಕ್ಕೆ ಅಜಗಜಾಂತರ. ಪೆನ್ಸಿಲ್ವೇನಿಯಾದಲ್ಲಿ 20 ಡಾಲರ್. ಇಂಡಿಯಾನಾದಲ್ಲಿ ಐದು ವರ್ಷದ ಲೈಸೆನ್ಸಿಗೆ 2021ರಿಂದ ಶುಲ್ಕವೇ ಇಲ್ಲ. ಇಲಿನಾಯ್‌ನಲ್ಲಿ 150 ಡಾಲರ್, ಮೇಲೆ 16 ಗಂಟೆ ತರಬೇತಿ. ನ್ಯೂ ಜೆರ್ಸಿ 2022ರ ಡಿಸೆಂಬರ್‌ನಲ್ಲಿ 50ರಿಂದ 200ಕ್ಕೆ ಏರಿಸಿತು. ನ್ಯೂ ಯಾರ್ಕ್ ನಗರದಲ್ಲಿ 340 ಡಾಲರ್ ಅರ್ಜಿಗೆ, 88 ಡಾಲರ್ ಚಿಲ್ಲರೆ ಬೆರಳಚ್ಚಿಗೆ, ಅದರ ಜೊತೆ ಎರಡು ದಿನ ನುಂಗುವ ಕ್ಲಾಸು. ಕ್ಯಾಲಿಫೋರ್ನಿಯಾದಲ್ಲಿ ಒಂದೊಂದು ಊರಿಗೆ ಒಂದೊಂದು ದರ.

ಇಷ್ಟು ಶುಲ್ಕ ನ್ಯಾಯವೇ? ನನ್ನ ಮಟ್ಟಿಗೆ ಅಲ್ಲ. ಐಟಿ ಸಂಬಳದವನು ನ್ಯೂ ಯಾರ್ಕ್‌ನ ದರ ಕಟ್ಟಿ ಮರೆತುಬಿಡುತ್ತಾನೆ. ರಾತ್ರಿಪಾಳಿಯಲ್ಲಿ ಗ್ಯಾಸ್ ಸ್ಟೇಷನ್ ಗಲ್ಲಾದಲ್ಲಿ ಕೂರುವವನಿಗೆ, ನಿಜವಾಗಿ ಭಯ ಇರುವವನಿಗೆ, ಅದು ವಾರದ ಸಂಬಳ. ಕಟ್ಟುನಿಟ್ಟಿನ ತರಬೇತಿ ಇರಲಿ, ಅದು ಬೇಕೇ ಬೇಕು. ದುಡ್ಡಿದ್ದವನಿಗೆ ಮಾತ್ರ ಹಕ್ಕು ಅನ್ನುವುದು ಸರಿಯಲ್ಲ. ಮೊದಲು ಕೆಲವು ರಾಜ್ಯಗಳಲ್ಲಿ ಪರ್ಮಿಟ್ ಕೊಡುವುದು ಬಿಡುವುದು ಅಧಿಕಾರಿಯ ಮರ್ಜಿ. ನಮ್ಮವರು ತುಂಬಾ ಇರುವ, ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯಲ್ಲಿ, ಚುನಾವಣೆಗೆ ದೇಣಿಗೆ ಕೊಟ್ಟವರಿಗೆ ಪರ್ಮಿಟ್ ಕೊಡುವುದರಲ್ಲಿ ಪಕ್ಷಪಾತ ಮಾಡಿದ ಕೇಸಿನಲ್ಲಿ ಆಗಿನ ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥರು) ತಪ್ಪಿತಸ್ಥರೆಂದು ಜ್ಯೂರಿ 2022ರಲ್ಲಿ ತೀರ್ಮಾನಿಸಿತು. ಅದೇ ವರ್ಷ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಬ್ರೂಯೆನ್ ಕೇಸಿನಲ್ಲಿ, ಪರ್ಮಿಟ್‌ಗೆ ವಿಶೇಷ ಕಾರಣ ತೋರಿಸಬೇಕು ಅನ್ನುವ ನ್ಯೂ ಯಾರ್ಕ್ ನಿಯಮವನ್ನು ತೆಗೆದುಹಾಕಿತು. ಅತಿಯಾದ ಶುಲ್ಕದಿಂದ ಸಾಮಾನ್ಯರ ಹಕ್ಕೇ ಇಲ್ಲದಂತಾದರೆ ಅದನ್ನೂ ಪ್ರಶ್ನಿಸಬಹುದು ಎಂದೂ ಹೇಳಿತು.

29 ರಾಜ್ಯಗಳಲ್ಲಿ ಈಗ ಪರ್ಮಿಟ್ಟೇ ಬೇಡ. ಟೆಕ್ಸಸ್‌ನಲ್ಲೂ 2021ರ ಸೆಪ್ಟೆಂಬರ್‌ನಿಂದ ಬೇಡ. ಮತ್ತೆ ಯಾಕೆ ಮಾಡಿಸಬೇಕು ಅಂತೀರಾ? ಬೇರೆ ಹಲವು ರಾಜ್ಯಗಳು ಟೆಕ್ಸಸ್ ಲೈಸೆನ್ಸನ್ನು ಒಪ್ಪುತ್ತವೆ. ಶಾಲೆಯ ಸುತ್ತ 1,000 ಅಡಿಯೊಳಗೆ ಗನ್ ಕೂಡದು ಅನ್ನುವ ಫೆಡರಲ್ ನಿಯಮದಿಂದ, ಆ ರಾಜ್ಯದ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವವರಿಗೆ ಇದು ಸಣ್ಣ ವಿಷಯವಲ್ಲ, ಅಲ್ವಾ?

ಆದರೆ ಎಲ್ಲ ರಾಜ್ಯಗಳೂ ಒಪ್ಪುವುದಿಲ್ಲ. 2013ರಲ್ಲಿ ಫಿಲಡೆಲ್ಫಿಯಾದ ಒಬ್ಬ ತಾಯಿ ಪೆನ್ಸಿಲ್ವೇನಿಯಾದ ಲೈಸೆನ್ಸ್ ಇಟ್ಟುಕೊಂಡು ನ್ಯೂ ಜೆರ್ಸಿಗೆ ಹೋದರು. ಪೊಲೀಸರು ಗಾಡಿ ನಿಲ್ಲಿಸಿದಾಗ, ನನ್ನ ಹತ್ತಿರ ಗನ್ ಇದೆ ಎಂದು ತಾವಾಗಿಯೇ ಹೇಳಿದರು. ಅಲ್ಲೇ ಬಂಧನ. ಕೊನೆಗೆ 2015ರಲ್ಲಿ ಗವರ್ನರ್ ಕ್ಷಮಾದಾನ ಕೊಟ್ಟರು. ಅವರು ಅಮೆರಿಕದ ಪ್ರಜೆ. ಫಿಲಡೆಲ್ಫಿಯಾ ಕಡೆಯಿಂದ ನ್ಯೂ ಜೆರ್ಸಿಯ ಎಡಿಸನ್‌ಗೆ ದಿನಸಿ ತರಲು ಹೋಗುವ ಗ್ರೀನ್ ಕಾರ್ಡಿನವರು ಯಾರಾದರೂ ಆ ಜಾಗದಲ್ಲಿದ್ದರೆ ದೇಶವೇ ಬಿಡಬೇಕಾಗುತ್ತಿತ್ತೇನೋ.

ಶುಲ್ಕ ಬಿಟ್ಟು ಉಳಿದ ಖರ್ಚು ನೋಡಿ: ಕ್ಲಾಸಿನ ಫೀಸು, ಒಳ್ಳೆ ಹೋಲ್‌ಸ್ಟರ್ (ಗನ್ ಇಡುವ ಚೀಲ), ಅಭ್ಯಾಸಕ್ಕೆ ರೇಂಜ್ ಮತ್ತು ಗುಂಡು, ಗನ್ ಸೇಫ್. ಟೆಕ್ಸಸ್‌ನ ಕ್ಲಾಸು 4ರಿಂದ 6 ಗಂಟೆ ಅಷ್ಟೇ. ಅದು ಸಾಲದು, ಅಭ್ಯಾಸಕ್ಕೆ ದುಡ್ಡು ಎತ್ತಿಡಿ. ಸೇಫ್ ವಿಷಯದಲ್ಲಂತೂ ಜಿಪುಣತನ ಬೇಡವೇ ಬೇಡ. ಊರಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಬರುತ್ತಾರೆ, ಅವರದ್ದು ಬಿ-2. ಸೇಫ್‌ನ ನಂಬರ್ ಅವರಿಗೂ ಗೊತ್ತಿರಬಾರದು, ಮಕ್ಕಳಿಗೂ ಗೊತ್ತಿರಬಾರದು. ಬೀರುವಿನ ಸೀರೆಗಳ ಕೆಳಗೆ ಇಟ್ಟರೆ ಮುಚ್ಚಿಟ್ಟ ಹಾಗಲ್ಲ.

ಟೆಕ್ಸಸ್‌ನಲ್ಲಿ ದೇವಸ್ಥಾನಕ್ಕೋ ಅಂಗಡಿಗೋ ಹೋದರೆ ಬಾಗಿಲ ಹತ್ತಿರ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ದಪ್ಪ ಅಕ್ಷರದ ಬೋರ್ಡು ಇದೆಯಾ ನೋಡಿ. ಅದರಲ್ಲಿ 30.06 ಅಂತ (ಟೆಕ್ಸಸ್ ಕಾನೂನಿನ ಸೆಕ್ಷನ್ ನಂಬರ್) ಇದ್ದರೆ ಲೈಸೆನ್ಸ್ ಇದ್ದವರೂ ಗನ್ ಬಚ್ಚಿಟ್ಟುಕೊಂಡು ಒಳಗೆ ಹೋಗುವ ಹಾಗಿಲ್ಲ. ಪೋಸ್ಟ್ ಆಫೀಸಿಗೂ ಒಯ್ಯಬಾರದು.

ಊರಿಗೆ ಹೊರಡುವಾಗ ರೇಂಜ್‌ಗೆ ಒಯ್ದ ಬ್ಯಾಗನ್ನು ಪ್ರಯಾಣಕ್ಕೆ ಬಳಸಲೇಬೇಡಿ. ಅದರ ಜೇಬಿನಲ್ಲಿ ಒಂದು ಗುಂಡು ಉಳಿದಿದ್ದರೂ ಬೆಂಗಳೂರು ಏರ್‌ಪೋರ್ಟಿನ ಸ್ಕ್ಯಾನರ್‌ನಲ್ಲಿ ಸಿಕ್ಕಿ 1959ರ ಆರ್ಮ್ಸ್ ಆ್ಯಕ್ಟ್ ಪ್ರಕಾರ ಕೇಸು ಆಗಬಹುದು. ಟೆಕ್ಸಸ್ ಲೈಸೆನ್ಸ್ ತೋರಿಸಿದರೂ ಅಲ್ಲಿ ಅದಕ್ಕೆ ಬೆಲೆ ಇಲ್ಲ.